ಅವ್ವನ ಗಾಯಕ್ಕೆ ದೊಡ್ಡಪ್ಪನ ಮದ್ದು

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಅವನ ಬಾಯಿ ನೆನೆದರೆ ಈಗಲೂ ನನಗೆ ಅನ್ನ ಸೇರೋದಿಲ್ಲ. ಎಲೆ, ಅಡಿಕೆ, ಸುಣ್ಣ, ಮೇಲೊಂದು ಚೂರು ಹೊಗೆಸೊಪ್ಪು. ಬೆಳಗಿಂದ ಬೈಗಿನವರೆಗೂ ದವಡೆ ಆಡ್ತಾನೇ ಇರ್ತಿತ್ತು. ಆ ಬಾಯಲ್ಲಿ ಅಗಿದದ್ದನ್ನೇ ತೆಗೆದು ಅವ್ವನ ಗಾಯಕ್ಕೆ ಮೆತ್ತಿದ ಪುಣ್ಯಾತ್ಮ. ಥೂ!

ಬೆಟ್ಟದಪುರದ ಪಕ್ಕ ನಮ್ಮ ಹೊಲ. ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಮನೆ ಬಾಗಿಲಲ್ಲಿ ಅವ್ವ ಮೊಳೆ ತುಳಿದಳು. ಮೊದಲೇ ಸಕ್ಕರೆ ಕಾಯಿಲೆ. ಗಾಯಕ್ಕೆ ನೀರು ಸೋಕಿದರೆ ನಂಜಾಗುತ್ತೆ ಅಂತ ನಮ್ಮ ಕಡೆ ಒಂದು ದರಿದ್ರ ನಂಬಿಕೆ, ಹಾಗಾಗಿ ಯಾರೂ ತೊಳೆಯಲಿಲ್ಲ. ನಾರೋಕೆ ಶುರುವಾದ ಮೇಲೆ ನಾನೇ ಹುಣಸೂರಿಗೆ ಕರಕೊಂಡು ಹೋದೆ.

ಅಲ್ಲಿನ ಡಾಕ್ಟ್ರಮ್ಮ ಸ್ಟೂಲ್ ಎಳಕೊಂಡು ಕೂತು, ಅವ್ವನ ಪಾದವನ್ನು ತಮ್ಮ ತೊಡೆ ಮೇಲೇ ಇಟ್ಟುಕೊಂಡರು. ಕೀವು ತೆಗೆಯುವಾಗ ನಾನು ಗೋಡೆ ಕಡೆ ತಿರುಗಿದೆ. ಅವರು ಮಾತ್ರ ಈ ಸಲ ಸೊಪ್ಪು ಹೆಂಗಿದೆ, ಮನೇಲಿ ಅಡುಗೆ ಯಾರದು ಅಂತ ಕೇಳ್ತಾ ಕೇಳ್ತಾ ಅವ್ವನಿಗೆ ನೋವು ಮರೆಸಿದರು. ದಿನ ಬಿಟ್ಟು ದಿನ ಬರಬೇಕು, ನಡುವೆ ಯಾರೂ ಕಟ್ಟು ಬಿಚ್ಚಬಾರದು, ಇಲ್ಲದಿದ್ದರೆ ಪಾದವನ್ನೇ ತೆಗೆಯಬೇಕಾಗುತ್ತೆ ಅಂದರು. ಕಾಲಿಲ್ಲದೆ ಬದುಕೋದಕ್ಕಿಂತ ಸಾಯೋದೇ ವಾಸಿ ಅಂತ ಅವ್ವ ದಾರಿಯುದ್ದಕ್ಕೂ ಅತ್ತಳು.

ಊರಲ್ಲಿ ದೊಡ್ಡಪ್ಪಂದು ಒಂದೇ ರಾಗ. ಒಂದು ಗ್ಲೂಕೋಸ್ ಬಾಟ್ಲೂ ಏರಿಸದೋಳು ಎಂಥ ಡಾಕ್ಟ್ರು, ಹಿಂಗೆ ನೀರು ಹಾಕಿ ತೊಳೆದರೆ ನಂಜು ಏರದೆ ಇನ್ನೇನಾಗುತ್ತೆ ಅಂತ. ನಾನು ಹೊಲಕ್ಕೆ ಹೋದದ್ದೇ ತಡ, ಕಟ್ಟು ಬಿಚ್ಚಿ ತನ್ನ ಎಂಜಲು ಮದ್ದು ತುಂಬಿ ಮತ್ತೆ ಕಟ್ಟಿಬಿಟ್ಟಿದ್ದ. ಬಾವನ ಎದುರು ಬೇಡ ಅನ್ನೋ ಧೈರ್ಯ ಅವ್ವನಿಗಿರಲಿಲ್ಲ. ನನಗೂ ಹೇಳಲಿಲ್ಲ.

ಮಾರನೆಯ ದಿನ ಹುಣಸೂರಿಗೆ ಅವನೂ ಬಂದ. ಡಾಕ್ಟ್ರಮ್ಮ ಕಟ್ಟು ಬಿಚ್ಚಿದರೆ, ಒಳಗೆ ಕಂದು ಬಣ್ಣದ ಚರಟ. ಅದರ ಪಕ್ಕ ಎರಡು ಬೆರಳು ಕರ್ರಗಾಗಿದ್ದವು. ನಾನೇ ಹಾಕಿದ್ದು ಅಂತ ದೊಡ್ಡಪ್ಪ ಎದೆ ಸೆಟೆಸಿ ಹೇಳಿದ. ಮಾನಗೆಟ್ಟವನು. ಡಾಕ್ಟ್ರಮ್ಮನ ಮುಖ ಬಿಗಿಯಿತು, ಆದರೂ ಕೂಗಾಡಲಿಲ್ಲ.

"ಬನ್ನಿ ಯಜಮಾನ್ರೇ, ಹತ್ತಿರ ಬಂದು ನೋಡಿ" ಅಂದು, ಗಾಯ ತೊಳೆದು ಒಳಗೆ ಕಾಣೋ ಮೂಳೆ ತೋರಿಸಿದರು. ಆಸಾಮಿ ಆಚೆಗೆ ಓಡಿ ವಾಂತಿ ಮಾಡಿಕೊಂಡ.

ಎರಡು ಬೆರಳು ತೆಗೆಯಲೇಬೇಕಾಯ್ತು. ಅವತ್ತಿಂದ ಡಾಕ್ಟ್ರಮ್ಮ ಸಂಜೆ ಸಂಜೆ ತಾವೇ ಫೋನ್ ಮಾಡಿ, ಕಟ್ಟು ಹಂಗೇ ಇದೆಯಾ ಅಂತ ಅವ್ವನನ್ನೇ ಕೇಳುತ್ತಿದ್ದರು. ಪಾದ ಉಳೀತು.

ಅವ್ವ ನಡೆದಾಡೋ ಹೊತ್ತಿಗೆ ದೊಡ್ಡಪ್ಪ ನಮ್ಮ ಜಗಲಿ ಮೇಲೆ ಕೂತು, ಕಾಲು ಉಳಿದದ್ದು ತನ್ನ ಮದ್ದಿಂದ, ಆ ಡಾಕ್ಟ್ರು ಬೆರಳು ಕತ್ತರಿಸಿದ್ದಷ್ಟೇ ಅಂತ ನೆಂಟರ ಮುಂದೆ ಕೊಚ್ಚಿಕೊಳ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯ್ತು. ನಾನು ಬಾಯಿ ತೆಗೆಯೋಕೆ ಮುಂಚೆ ಅವ್ವ ಒಳಗಿಂದ ಬಂದು, ಅವನ ಮುಂದೆ ಪಾದ ಚಾಚಿ ನಿಂತಳು.

"ಇಲ್ದೆ ಇರೋ ಎರಡು ಬೆರಳು ನಿಮ್ದು ಕಣ್ ಬಾವ. ಮಿಕ್ಕಿರೋ ಕಾಲು ಡಾಕ್ಟ್ರಮ್ಮಂದು."