ಪಿಲಾರಮ್ಮನ ಪಾಲಿನ ದ್ರಾಕ್ಷಿ

ಇವತ್ತು ಬೆಳಿಗ್ಗೆ ಸಂಕ್ರಾಂತಿಯ ಕಬ್ಬು ಕೊಳ್ಳಲೆಂದು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಕಡೆಗೆ ಹೋಗಿದ್ದೆ. ಅಲ್ಲಿ ತಳ್ಳುಗಾಡಿಯವನೊಬ್ಬ ಕಪ್ಪು ದ್ರಾಕ್ಷಿಯ ಗೊಂಚಲುಗಳ ಮೇಲೆ ನೀರು ಚಿಮುಕಿಸುತ್ತಿದ್ದ. ಆ ಹುಳಿಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕಬ್ಬು ಹಿಡಿದು ನಿಂತಲ್ಲೇ ಒಬ್ಬನೇ ನಗತೊಡಗಿದೆ. ಗಾಡಿಯವನು ಅನುಮಾನದಿಂದ ನೋಡಿ, "ಉಳಿ ಇಲ್ಲ ಸಾ, ಬೇಕಾರೆ ಒಂದ್ ತಿಂದ್ನೋಡಿ" ಅಂದ. ಅವನ ತಪ್ಪಿಲ್ಲ. ನಿವೃತ್ತ ಇಂಗ್ಲಿಷ್ ಮೇಷ್ಟರೊಬ್ಬ ದ್ರಾಕ್ಷಿಯನ್ನು ನೋಡಿ ಯಾಕೆ ನಗುತ್ತಾನೆ ಎಂದು ವಿವರಿಸಲು ಸ್ಪೇನ್ ದೇಶದವರೆಗೆ ಹೋಗಿಬರಬೇಕಾಗುತ್ತದೆ. ನಿಮಗೆ ಬಿಡುವಿದ್ದರೆ ಬನ್ನಿ, ಹೋಗಿಬರೋಣ.

ನಾನು ಪಾಠ ಮಾಡುತ್ತಿದ್ದ ಹೈಸ್ಕೂಲಿಗೂ ಸ್ಪೇನಿನ ಸಣ್ಣ ಊರೊಂದರ ಹೈಸ್ಕೂಲಿಗೂ ಕೆಲವು ವರ್ಷಗಳ ಹಿಂದೆ ನೆಂಟಸ್ತಿಕೆ ಬೆಳೆಯಿತು. ಸಂಬಂಧ ಕುದುರಿಸಿದವರು ನಮ್ಮ ಹೆಡ್‌ಮಾಸ್ಟರು, ಅದೂ ಇಂಟರ್‌ನೆಟ್ಟಿನಲ್ಲಿ. ಅಲ್ಲಿನದು ದ್ವಿಭಾಷಾ ಶಾಲೆ. ಅರ್ಧ ಪಾಠ ಸ್ಪ್ಯಾನಿಷ್‌ನಲ್ಲಿ, ಅರ್ಧ ಇಂಗ್ಲಿಷಿನಲ್ಲಿ. ಆ ಮಕ್ಕಳಿಗೂ ಇಂಗ್ಲಿಷ್ ಮಾತಾಡಿ ರೂಢಿಯಾಗಬೇಕು, ನಮ್ಮವರಿಗೂ ಆಗಬೇಕು. ಹಾಗಾಗಿ ತಿಂಗಳಿಗೊಮ್ಮೆ ವಿಡಿಯೊದ ಮುಂದೆ ಕೂತು ಎರಡೂ ಕಡೆಯವರು ತಮ್ಮ ತಮ್ಮ ಹಬ್ಬಗಳ ವಿಚಾರ ಮಾತಾಡುವುದು ಎಂದು ನಿಶ್ಚಯವಾಯಿತು. ಹೊಣೆ ನನ್ನ ತಲೆಗೆ ಬಂತು. ನಾನು ಅಷ್ಟು ವರ್ಷ ಇಂಗ್ಲಿಷ್ ಕಲಿಸಿದ್ದೆನೇ ಹೊರತು ಮಾತಾಡಿದ್ದವನಲ್ಲ. ಒಮ್ಮೆ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಬಳಿ ವಿದೇಶಿಯೊಬ್ಬ ಏನೋ ಕೇಳಿದಾಗ "ಎಸ್, ಎಸ್" ಎಂದು ಹೇಳಿ ಮುಂದೆ ಹೋಗಿದ್ದೆ. ಅವನು ಕೇಳಿದ್ದು ಹಿನ್ನೀರಿನ ಆ ಕೆಸರಿನಲ್ಲಿ ಕಾರು ಇಳಿಸಬಹುದೇ ಎಂದು. ಅದು ನನಗೆ ಗೊತ್ತಾದದ್ದು ಅವನು ಇಳಿಸಿದ ಮೇಲೆ.

ಈ ಹೊಸ ನೆಂಟಸ್ತಿಕೆಗೆ ಮೊದಲ ದಿನವೇ ಎದುರು ನಿಂತವರು ಕನ್ನಡ ಕಲಿಸುತ್ತಿದ್ದ ಪುಟ್ಟಲಕ್ಷ್ಮಮ್ಮ ಮೇಡಂ. ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ತರಗತಿಯಲ್ಲಿ ನಿಂತರೆ ಹಳಗನ್ನಡದ ಒಂದು ಮಹಾಪ್ರಾಣವೂ ಜಾರುತ್ತಿರಲಿಲ್ಲ. ಸ್ಟಾಫ್ ರೂಮಿಗೆ ಬಂದು ಚಪ್ಪಲಿ ಬಿಟ್ಟರೆಂದರೆ ಭಾಷೆಯೂ ಬರಿಗಾಲಾಗುತ್ತಿತ್ತು. "ನಮ್ಮಬ್ಬಾನೇ ನಮ್ಮುಡುಗ್ರಿಗೆ ನೆಟ್ಗೆ ಗೊತ್ತಿಲ್ಲ. ಇನ್ನು ಸ್ಪೇನೋರ್ ಅಬ್ಬ ಕಟ್ಕಂಡು ಏನಾಗ್ಬೇಕು ಮೇಷ್ಟ್ರೇ?" ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಆದರೂ ಮೊದಲ ವಿಡಿಯೊ ದಿನ, ತಪ್ಪು ಕಂಡುಹಿಡಿಯುವ ಒಂದೇ ಉದ್ದೇಶದಿಂದ, ಹಿಂದಿನ ಬೆಂಚಿನಲ್ಲಿ ಬಂದು ಕೂತರು.

ಪರದೆಯ ಮೇಲೆ ಕಾಣಿಸಿಕೊಂಡವರು ಅಲ್ಲಿನ ಚರಿತ್ರೆಯ ಟೀಚರು, ಪಿಲಾರ್. ನಗುಮುಖ, ಗುಂಗುರು ಕೂದಲು. ಸ್ಪ್ಯಾನಿಷ್‌ನಲ್ಲಿ ಹಕಾರವನ್ನು ಬರೆಯುತ್ತಾರಂತೆ, ಉಚ್ಚರಿಸುವುದಿಲ್ಲವಂತೆ. ಆಕೆ ನಮ್ಮ ವಿಳಾಸ ನೋಡಿಕೊಂಡು, "ಓಳೆನರಸೀಪುರ, ಆಸನ್ ಡಿಸ್ಟ್ರಿಕ್ಟ್" ಎಂದು ಓದಿದರು. ಹಿಂದಿನ ಬೆಂಚಿನಲ್ಲಿ ಪುಟ್ಟಲಕ್ಷ್ಮಮ್ಮ ಎದ್ದೇ ನಿಂತರು. "ಮೇಷ್ಟ್ರೇ! ಆಯಮ್ಮ ನಮ್ಮೋಳೇ ಕಣ್ರೀ!"

"ಹೌಸ್ ಅನ್ನಿ, ಔಸ್ ಅನ್ನಬೇಡಿ" ಎಂದು ಗಂಟಲು ಹರಿದುಕೊಂಡಿದ್ದ ನನ್ನ ಕಡೆಗೆ ಇಡೀ ಹತ್ತನೇ ತರಗತಿ ತಿರುಗಿ ನೋಡಿತು. ಅವತ್ತಿನಿಂದ ಪಿಲಾರ್ ನಮಗೆಲ್ಲ ಪಿಲಾರಮ್ಮ.

ಆಮೇಲೆ ಸಲೀಸಾಯಿತು. ಎರಡೂ ಕಡೆಯ ಮಕ್ಕಳ ಇಂಗ್ಲಿಷ್ ಸರಿಸುಮಾರು ಒಂದೇ ಮಟ್ಟದಲ್ಲಿ ಕೆಟ್ಟಿದ್ದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಅರ್ಥವಾಗದೆ ಉಳಿಯುತ್ತಿದ್ದವನು ವ್ಯಾಕರಣ ಬಲ್ಲ ನಾನೊಬ್ಬನೇ. ನವೆಂಬರಿನಲ್ಲಿ ಅವರು ತೀರಿಹೋದ ತಮ್ಮ ಹಿರಿಯರನ್ನು ನೆನೆಯುವ ದಿನದ ಚಿತ್ರ ತೋರಿಸಿದರು. ಸಮಾಧಿಗಳ ಮೇಲೆ ರಾಶಿ ರಾಶಿ ಹೂವು. ನಮ್ಮ ಪಿತೃಪಕ್ಷದ ಎಡೆಯನ್ನು ನೆನೆದು ಪುಟ್ಟಲಕ್ಷ್ಮಮ್ಮ, "ಊವ ಸರಿ, ಊಟಕ್ಕೆ ಏನಿಕ್ತಾರೆ ಕೇಳಿ" ಅಂದರು. ಊಟ ಇಡುವುದಿಲ್ಲವಂತೆ ಎಂದೆ. ಅವರಿಗೆ ನಿಜಕ್ಕೂ ಸಂಕಟವಾಯಿತು. "ಅಯ್ಯೋ, ಅಷ್ಟ್ ದೂರದಿಂದ ಬಂದು ಅಸ್ಕಂಡ್ ಓಯ್ತಾವೆ ಪಾಪ."

ಇನ್ನು ದ್ರಾಕ್ಷಿಯ ಕಥೆ. ಸ್ಪೇನಿನವರು ನಡುರಾತ್ರಿ ಹೊಸ ವರ್ಷ ಹುಟ್ಟುವಾಗ ಗಡಿಯಾರದ ಒಂದೊಂದು ಪೆಟ್ಟಿಗೆ ಒಂದೊಂದರಂತೆ ಹನ್ನೆರಡು ದ್ರಾಕ್ಷಿ ತಿನ್ನುತ್ತಾರೆ. ಗಂಟೆ ನಿಲ್ಲುವುದರೊಳಗೆ ತಿಂದು ಮುಗಿಸಿದರೆ ವರ್ಷವೆಲ್ಲ ಒಳ್ಳೆಯದಾಗುತ್ತದಂತೆ. ಶಾಲೆಗಳಲ್ಲಿ ರಜೆಗೆ ಮುಂಚಿನ ದಿನ ನಡುಮಧ್ಯಾಹ್ನವೇ ಇದರ ತಾಲೀಮು ಮಾಡುತ್ತಾರೆ. ಈ ಸಲ ಇಬ್ಬರೂ ಒಟ್ಟಿಗೆ ತಿನ್ನೋಣ, ಗಂಟೆ ನಿಮ್ಮದೇ ಇರಲಿ ಎಂದು ಆ ಮಕ್ಕಳು ಕೇಳಿಕೊಂಡರು. ಅವರಿಗೆ ಮಧ್ಯಾಹ್ನವಾದಾಗ ನಮಗೆ ಕೊನೆಯ ಪೀರಿಯಡ್ಡು. ನಮ್ಮ ಗಂಟೆಯೆಂದರೆ ಜಗಲಿಯಲ್ಲಿ ನೇತುಹಾಕಿದ್ದ ರೈಲುಕಂಬಿಯ ತುಂಡು. ಬಾರಿಸುವವನು ಅಟೆಂಡರ್ ಸಣ್ಣಸ್ವಾಮಿ.

ಆ ದಿನ ಊರಿನಲ್ಲಿ ಸಿಕ್ಕಿದ್ದು ದಪ್ಪ ಸಿಪ್ಪೆಯ, ಹೊಟ್ಟೆ ತುಂಬ ಬೀಜವಿದ್ದ ಕಪ್ಪು ದ್ರಾಕ್ಷಿ. ಸಣ್ಣಸ್ವಾಮಿ ಮೊದಲ ಪೆಟ್ಟು ಹಾಕಿದ. ನಾಲ್ಕನೆಯ ಪೆಟ್ಟಿಗೆ ಹತ್ತನೇ ತರಗತಿಯವರ ಕೆನ್ನೆಗಳೆಲ್ಲ ಊದಿಕೊಂಡವು; ಬೀಜ ಉಗಿಯಲು ಪುರುಸೊತ್ತಿಲ್ಲ, ನುಂಗಲು ಧೈರ್ಯವಿಲ್ಲ. ಆಗ ಹೊರಗೆ ದಡದಡ ಸದ್ದು. ನಾವ್ಯಾರೂ ಯೋಚಿಸದೇ ಇದ್ದ ಸಂಗತಿಯೊಂದಿತ್ತು. ನಮ್ಮ ಶಾಲೆಯಲ್ಲಿ ಬಿಡದೆ ಗಂಟೆ ಬಾರಿಸುವುದು ಮನೆಗೆ ಬಿಡುವಾಗ ಮಾತ್ರ. ಎಂಟನೆಯ, ಒಂಬತ್ತನೆಯ ತರಗತಿಗಳು ಚೀಲ ಹೊತ್ತು ಗೇಟಿನ ಕಡೆಗೆ ಓಡುತ್ತಿದ್ದವು. ಹೆಡ್‌ಮಾಸ್ಟರು ಬಾಯಲ್ಲಿ ದ್ರಾಕ್ಷಿ ತುಂಬಿಕೊಂಡೇ "ಹೂಹೂಹೂ" ಎನ್ನುತ್ತ ಅವರ ಹಿಂದೆ ಓಡಿದರು. ಪರದೆಯಲ್ಲಿ ಸ್ಪೇನಿನ ಮಕ್ಕಳು ಬಿದ್ದುಬಿದ್ದು ನಗುತ್ತಿದ್ದರು. ಅದೂ ನಮ್ಮ ಸಂಪ್ರದಾಯವೇ ಎಂದು ಅವರು ತಿಳಿದುಕೊಂಡರೆಂದು ಕಾಣುತ್ತದೆ.

ನಗು ಇಳಿದಾಗ ಪುಟ್ಟಲಕ್ಷ್ಮಮ್ಮ ನನ್ನ ತೋಳು ತಿವಿದರು. "ಮೇಷ್ಟ್ರೇ, ಪಿಲಾರಮ್ಮ ಒಂದೂ ತಿನ್ನಲಿಲ್ಲ. ಆಗ್ಲಿಂದ ನೋಡ್ತಾ ಇವ್ನಿ. ಯಾಕಂತೆ?"

ಕೇಳಿದೆ. ಪಿಲಾರ್ ನಗಲು ನೋಡಿದರು, ಆಗಲಿಲ್ಲ. ಆ ತಿಂಗಳ ಮೊದಲಲ್ಲಿ ಅವರ ತಾಯಿ ತೀರಿಕೊಂಡಿದ್ದರು. ಪ್ರತಿ ವರ್ಷ ಮಗಳ ಪಾಲಿನ ದ್ರಾಕ್ಷಿಗೆ ಸಿಪ್ಪೆ ಬಿಡಿಸಿ, ಬೀಜ ತೆಗೆದು ಬಟ್ಟಲಿನಲ್ಲಿ ಇಡುತ್ತಿದ್ದವರು ಆ ತಾಯಿಯೇ. "ಈ ವರ್ಷ ನನಗೆ ಹಬ್ಬ ಬೇಡ" ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಪುಟ್ಟಲಕ್ಷ್ಮಮ್ಮ ಪರದೆಯ ಹತ್ತಿರಕ್ಕೆ ಬಂದರು. "ಇಂಗೇಳಿ ಅವ್ರಿಗೆ. ನಮ್ ಕಡೆ ಸಾವಾದ್ ಮನೇಲಿ ವರ್ಸ ಅಬ್ಬ ಮಾಡಾಕಿಲ್ಲ. ಮಾಡಾಕಿಲ್ಲ ಅಂತ ಅವ್ರನ್ನ ಬರೀ ಒಟ್ಟೇಲಿ ಕೂರ್ಸಾಕಾಯ್ತದಾ? ಅಕ್ಕಪಕ್ಕದೋರು ತಂದು ಬಡಿಸ್ತಾರೆ. ಆಯಮ್ಮನ್ಗೆ ತಂದುಕೊಡಾಕೆ ನಂಗೆ ದೂರ ಆಯ್ತದೆ. ಅವ್ರ ಪಾಲಿಂದು ನಾನ್ ತಿಂತೀನಿ."

ಇಷ್ಟೂ ನನ್ನ ಬಾಯಿಂದ ಇಂಗ್ಲಿಷಿನಲ್ಲಿ ಹೊರಬಿದ್ದದ್ದು ಹೀಗೆ: "ನಿಮ್ಮ ತಾಯಿ ಸತ್ತಿದ್ದಾರೆ, ಆದ್ದರಿಂದ ಇವರು ನಿಮ್ಮ ದ್ರಾಕ್ಷಿ ತಿನ್ನುತ್ತಾರೆ."

ಪಿಲಾರ್ ಕಣ್ಣು ಮಿಟುಕಿಸದೆ ನೋಡಿದರು. ಪುಟ್ಟಲಕ್ಷ್ಮಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ಒಂದು ದ್ರಾಕ್ಷಿ ಎತ್ತಿ ತೋರಿಸಿ, ಆಕೆಯ ಕಡೆಗೆ ಬೆರಳು ಮಾಡಿ, ಆಮೇಲೆ ತಮ್ಮ ಎದೆ ಮುಟ್ಟಿಕೊಂಡರು. ಆಕೆಗೆ ಅರ್ಥವಾಯಿತು; ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರು.

"ಮತ್ತೆ ಒಡೀಲಾ ಮೇಡಂ?" ಎಂದು ಸಣ್ಣಸ್ವಾಮಿ ಕಿಟಕಿಯಿಂದ ಕೇಳಿದ.

"ಒಡಿ. ನಿಧಾನುಕ್ಕೆ ಒಡಿ ಕಣಪ್ಪ, ನಂದು ಅಲ್ಲು ಅಳ್ಳಾಡ್ತದೆ."

ಪುಟ್ಟಲಕ್ಷ್ಮಮ್ಮ ಒಂದೊಂದೇ ದ್ರಾಕ್ಷಿಯನ್ನು ಸಿಪ್ಪೆ ಬಿಡಿಸಿ, ಬೀಜ ತೆಗೆದು ತಿಂದರು. ಅವರು ನುಂಗುವ ತನಕ ಕಾದು ಸಣ್ಣಸ್ವಾಮಿ ಮುಂದಿನ ಪೆಟ್ಟು ಹಾಕಿದ. ಎರಡೂ ದೇಶದ ಮಕ್ಕಳು ಗಟ್ಟಿಯಾಗಿ ಎಣಿಸಿದರು. ಅವರು ಸ್ಪ್ಯಾನಿಷ್‌ನಲ್ಲಿ, ನಮ್ಮವರು ಕನ್ನಡದಲ್ಲಿ. ಇಂಗ್ಲಿಷಿನ ನೆನಪು ಯಾರಿಗೂ ಆಗಲಿಲ್ಲ, ನನಗೂ ಕೂಡ. ಆ ಹೊತ್ತಿಗೆ ಹೆಡ್‌ಮಾಸ್ಟರು ಎಂಟನೆಯ, ಒಂಬತ್ತನೆಯ ತರಗತಿಗಳನ್ನು ಹೇಗೋ ಅಟ್ಟಿಕೊಂಡು ಬಂದು ಒಳಗೆ ಕೂರಿಸಿದ್ದರು. ಗಂಟೆ ಕೇಳಿ ಅವು ಮತ್ತೆ ಓಡಿದವು. ಈ ಸಲ ಹೆಡ್‌ಮಾಸ್ಟರು ಹಿಂದೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು ದ್ರಾಕ್ಷಿ ಬೀಜ ಉಗಿದರು.

ಜನವರಿಯ ವಿಡಿಯೊದಲ್ಲಿ ಪಿಲಾರ್ ಒಂದು ಫೋಟೊ ತೋರಿಸಿದರು. ಅವರಲ್ಲಿ ಹಸುಗೂಸು ಯೇಸುವನ್ನು ನೋಡಲು ಬಂದ ಮೂವರು ರಾಜರ ಹಬ್ಬಕ್ಕೆ ಬಳೆಯಾಕಾರದ ದೊಡ್ಡ ಸಿಹಿ ಬ್ರೆಡ್ಡು ಮಾಡಿ, ಒಳಗೊಂದು ಅವರೆಯಂಥ ಕಾಳು ಬಚ್ಚಿಡುತ್ತಾರೆ. ಹಬ್ಬದ ಬೆಳಿಗ್ಗೆ ಅವರ ವಿದ್ಯಾರ್ಥಿಗಳು ಅದನ್ನು ಹೊತ್ತುಕೊಂಡು ಬಾಗಿಲಿಗೇ ಬಂದರಂತೆ. ತಮ್ಮ ಮನೆಯಲ್ಲಿ ಈ ವರ್ಷ ಹಬ್ಬವಿಲ್ಲ ಎಂದು ಪಿಲಾರ್ ಹೇಳಿದರೆ, "ನೀವು ಮಾಡಬೇಡಿ, ತಿನ್ನಿ ಸಾಕು. ಇಂಡಿಯಾದ ಮೇಡಂ ಹೇಳಿದ್ದಾರೆ" ಅಂದರಂತೆ. ಅವತ್ತು ನಾನು ನುಂಗಿದ್ದ ಮೇಡಂ ಮಾತನ್ನೆಲ್ಲ ನಮ್ಮ ಹತ್ತನೇ ತರಗತಿಯವರು ತಮ್ಮ ಕೆಟ್ಟ ಇಂಗ್ಲಿಷಿನಲ್ಲೇ ಆ ಮಕ್ಕಳಿಗೆ ಮುಟ್ಟಿಸಿದ್ದರು.

ಪುಟ್ಟಲಕ್ಷ್ಮಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ, "ಒಳ್ಳೆ ಉದ್ದಿನ್ವಡೆ ಇದ್ದಂಗದೆ. ಆದ್ರೆ ಮೇಷ್ಟ್ರೇ, ಇಂಥಾ ಅವರೆ ಕಾಲದಲ್ಲಿ ಒಂದೇ ಒಂದ್ ಕಾಳಾ?" ಅಂದರು.

ಹೆಡ್‌ಮಾಸ್ಟರು ನಿವೃತ್ತರಾದ ಮೇಲೆ ಆ ನೆಂಟಸ್ತಿಕೆ ಮುಂದುವರಿಯಲಿಲ್ಲ. ಆಮೇಲೆ ಮೇಡಮ್ಮೂ ನಾನೂ ನಿವೃತ್ತರಾಗಿ ನಮ್ಮ ನಮ್ಮ ಮನೆ ಸೇರಿದೆವು.

ಇವತ್ತು ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಚನ್ನರಾಯಪಟ್ಟಣದಲ್ಲಿದ್ದಾಳೆ. ಬಸ್ ಸ್ಟ್ಯಾಂಡಿನಿಂದ ಬಂದವನು, ಅವಳು ಫೋನಿನಲ್ಲಿ ಹೇಳಿದಂತೆ ಸಿಹಿ ಪೊಂಗಲ್ ಮಾಡಿದೆ. ಪಕ್ಕದ ಮನೆಯ ರಂಗಸ್ವಾಮಿ ಬಸ್ ಡ್ರೈವರ್ ಆಗಿದ್ದವರು. ಆಷಾಢದಲ್ಲಿ ಹೆಂಡತಿ ತೀರಿಕೊಂಡ ಮೇಲೆ ಹೊರಗೆ ಕಾಣುವುದೇ ಅಪರೂಪ. ಗೌರಿ ಹಬ್ಬಕ್ಕೂ ದೀಪಾವಳಿಗೂ ಅವರ ಮನೆಗೆ ಡಬ್ಬಿ ಕೊಂಡೊಯ್ದವಳು ನನ್ನವಳೇ. ಅಂಥ ಮನೆಗೆ ಹೋಗಿ ಏನು ಮಾತಾಡಬೇಕೆಂದು ನನಗೆ ಯಾವತ್ತೂ ಗೊತ್ತಾಗಿಲ್ಲ. ಇವತ್ತು ನಾನೇ ಡಬ್ಬಿ ಹಿಡಿದು ಹೋಗಿ ಬಾಗಿಲು ತಟ್ಟಿದೆ.

ರಂಗಸ್ವಾಮಿ ಮುಚ್ಚಳ ತೆಗೆದು ನೋಡಿದರು. "ಯಾರ್ ಮಾಡಿದ್ದು ಸಾ?"

"ನಾನೇ."

ಅವರು ಪೊಂಗಲನ್ನು ನೋಡಿದರು, ನನ್ನನ್ನು ನೋಡಿದರು, ಇನ್ನೊಮ್ಮೆ ಪೊಂಗಲನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಎರಡು ತಟ್ಟೆ ತಂದರು.

"ಅಂಗಾದ್ರೆ ನೀವೂ ಕೂತ್ಕಳಿ. ಒಬ್ನೇ ತಿನ್ನಾಕೆ ಭಯ ಆಯ್ತದೆ."