ಮೂತಿಗೆ ಎಂಟು ಗ್ರಾಂ ಸೀಸ

ನನ್ನ ಸೋದರಮಾವ ಟೈರ್ ಅಂಗಡಿಯಲ್ಲಿ ಚಕ್ರಗಳ ಬ್ಯಾಲೆನ್ಸ್ ನೋಡುವ ಕೆಲಸದಲ್ಲಿದ್ದರು. ಇಪ್ಪತ್ತೊಂಬತ್ತು ವರ್ಷ ಒಂದೇ ಅಂಗಡಿ, ಅಂಗಡಿಯ ಒಂದೇ ಮೂಲೆ. ಚಕ್ರವನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿದರೆ ಅದರ ಯಾವ ಮಗ್ಗುಲು ಹಗುರವೆಂದು ತಿಳಿಯುತ್ತದೆ. ಅಲ್ಲಿಗೆ ಒಂದು ಚೂರು ಸೀಸ ಕೂರಿಸಬೇಕು. ಆಮೇಲೆ ಚಕ್ರವನ್ನು ಗಾಡಿಗೆ ಹಾಕಿ, ಐದು ನಟ್ಟು ಬಿಗಿದು, ಕಾರ್ಡಿನಲ್ಲಿ ಟಿಕ್ ಹಾಕಬೇಕು. ಟಿಕ್ ಬಿದ್ದ ಮೇಲೆ ಆ ಚಕ್ರವನ್ನು ಮತ್ಯಾರೂ ಮುಟ್ಟುವುದಿಲ್ಲ, ಗಾಡಿ ರಸ್ತೆಗಿಳಿಯುತ್ತದೆ. ಅಂಗಡಿಯವರೆಲ್ಲ ಅವರನ್ನು ಸೀಸಣ್ಣ ಎಂದೇ ಕರೆಯುತ್ತಿದ್ದರು.

ಹಳೆಯ ಚಕ್ರಗಳಿಂದ ಕಿತ್ತ ಸೀಸದ ಚೂರುಗಳು ಅವರ ಜೇಬಿನಲ್ಲಿ ಮನೆಗೆ ಬರುತ್ತಿದ್ದವು. ಬಟ್ಟೆ ನೆನೆಹಾಕುವ ಮುನ್ನ ಅತ್ತೆ ಜೇಬು ಕೊಡವುತ್ತ, "ನಿಮ್ಮನ್ನ ಕಟ್ಕೊಂಡು ಚಿನ್ನ ಅಂತೂ ಕಾಣ್ಲಿಲ್ಲ, ಸೀಸಕ್ಕೆ ಮಾತ್ರ ಬರ ಇಲ್ಲ ಕಣ್ರೀ," ಎನ್ನುತ್ತಿದ್ದರು.

ಆ ಸೀಸ ಮಹಡಿಯ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಕಿಟಕಿಯ ಕೆಳಗೆ ಒಂದು ಮೇಜು, ಮೇಜಿನ ಮೇಲೆ ಗಾಜಿನ ಹಲಗೆ, ಅರ, ಇಕ್ಕಳ, ಬಣ್ಣದ ಪುಟ್ಟ ಬಾಟಲಿಗಳು. ಗೋಡೆಯುದ್ದಕ್ಕೂ ಮಾವ ಕೈಯಾರೆ ಜೋಡಿಸಿದ ನಲವತ್ತೊಂದು ಮಾದರಿ ವಿಮಾನಗಳು. ಎಲ್ಲವೂ ಒಂದೇ ಜಾತಿಯವು: ಶಬ್ದಕ್ಕಿಂತ ಐದು ಪಟ್ಟಿಗೂ ಹೆಚ್ಚು ವೇಗದಲ್ಲಿ ಹಾರಬಹುದೇ ಎಂದು ನೋಡಲು ಕಟ್ಟಿದ ಹೈಪರ್‌ಸಾನಿಕ್ ವಿಮಾನಗಳು. ಕೆಲವು ನಾಲ್ಕಾರು ಸಲ ಹಾರಿ ನಿಂತಂಥವು, ಕೆಲವು ಕಾಗದ ಬಿಟ್ಟು ಮೇಲೇಳದಂಥವು. ಕಪ್ಪಗೆ, ಚೂಪಗೆ, ರೆಕ್ಕೆ ಇದೆಯೋ ಇಲ್ಲವೋ ಎಂಬಂತೆ ಸಾಲಾಗಿ ನಿಂತಿದ್ದವು. ಪ್ರಯಾಣಿಕರ ವಿಮಾನ ಒಂದಾದರೂ ಮಾಡಬಾರದೇ ಎಂದು ನಾನು ಕೇಳಿದ್ದೆ.

"ಅವು ದಿನಾ ಹಾರ್ತವೆ, ಅವಕ್ಕೇನು ಕಡಿಮೆ? ಇವನ್ನ ಪಾಪ, ಒಂದಷ್ಟು ಪರೀಕ್ಷೆ ಮಾಡಿ ಕೈಬಿಟ್ಟರು," ಎಂದಿದ್ದರು ಮಾವ.

"ಶಬ್ದಕ್ಕಿಂತ ಐದು ಪಟ್ಟು ವೇಗವಂತೆ," ಅತ್ತೆ ಮೆಟ್ಟಿಲ ಬುಡದಿಂದಲೇ ಕೂಗುತ್ತಿದ್ದರು. "ಮೂಲೆ ಅಂಗಡಿಯಿಂದ ಒಂದು ಸೋಪು ತರೋಕೆ ನಮ್ಮೋರಿಗೆ ಎರಡು ಗಂಟೆ ಬೇಕು!"

ಭಾನುವಾರಗಳಂದು ನಾನು ಆ ಮೇಜಿನ ಇನ್ನೊಂದು ಬದಿಯಲ್ಲಿ ಕೂತು ಕಾಲೇಜಿನ ಓದು ಮಾಡಿಕೊಳ್ಳುತ್ತಿದ್ದೆ. ಮಾವ ಕೆಲಸ ಮಾಡುವಾಗ ಮಾತಾಡುತ್ತಿರಲಿಲ್ಲ. ವಿಮಾನದ ಬಿಡಿಭಾಗಗಳ ಕಿಟ್ಟಿನ ಜೊತೆ ಬರುವ ಸೂಚನೆಯ ಹಾಳೆಯನ್ನು ಗೋಡೆಗೆ ಅಂಟಿಸಿ, ಒಂದೊಂದು ಹಂತ ಮುಗಿದಾಗಲೂ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಟಿಕ್ ಹಾಕುತ್ತಿದ್ದರು, ಥೇಟ್ ಅಂಗಡಿಯ ಕಾರ್ಡಿಗೆ ಹಾಕಿದಂತೆ. ಅವರ ಟಿಕ್ಕಿನ ಬಾಲ ಸ್ವಲ್ಪ ಉದ್ದ.

ಈ ವಿಮಾನಗಳಲ್ಲಿ ಒಂದು ತೊಡಕಿದೆ. ಭಾರವೆಲ್ಲ ಹಿಂದುಗಡೆ; ಮುಂದೆ ಉದ್ದ ಮೂತಿ, ಅದರಡಿ ಒಂದೇ ಒಂದು ಪುಟ್ಟ ಚಕ್ರ. ಹಾಗೇ ಬಿಟ್ಟರೆ ಮೂತಿ ಎತ್ತಿ ಬಾಲದ ಮೇಲೆ ಕೂತುಬಿಡುತ್ತದೆ. ಅದಕ್ಕೇ ಒಡಲಿನ ಎರಡು ಹೋಳುಗಳನ್ನು ಅಂಟಿಸುವ ಮುಂಚೆ ಮೂತಿಯೊಳಗೆ ತೂಕ ಇಡಬೇಕು. ಅಂಟಿಸಿದ ಮೇಲೆ ಒಳಗೆ ಹೋಗಲು ದಾರಿಯೇ ಇಲ್ಲ. ಹೊಸಬರು ಇದನ್ನು ಮರೆತು ಕೈಕೈ ಹಿಸುಕಿಕೊಳ್ಳುತ್ತಾರಂತೆ. ಮಾವ ನಲವತ್ತೊಂದರಲ್ಲಿ ಒಮ್ಮೆಯೂ ಮರೆತವರಲ್ಲ. ಮರೆಯುವುದು ಹೇಗೆ? ತೂಕವೇ ಅವರ ಕಸುಬು.

ನಲವತ್ತೆರಡನೆಯದಕ್ಕೆ ಆರು ವಾರ ಹಿಡಿಯಿತು. ಸಂದು ಕಾಣದಂತೆ ಉಜ್ಜಿ, ಮೂರು ಪದರ ಕಪ್ಪು ಬಣ್ಣ ಹಚ್ಚಿ, ಉಗುರಿಗಿಂತ ಸಣ್ಣ ಅಂಕಿಗಳ ಸ್ಟಿಕ್ಕರುಗಳನ್ನು ನೀರಲ್ಲಿ ತೇಲಿಸಿ ಅಂಟಿಸಿದ್ದರು. ಭಾನುವಾರ ಬೆಳಿಗ್ಗೆ ಕೊನೆಯ ಚಕ್ರ ಒಣಗಿತ್ತು. ಮಾವ ಅದನ್ನು ಎರಡು ಬೆರಳಲ್ಲಿ ಹಿಡಿದು ಗಾಜಿನ ಹಲಗೆಯ ಮೇಲೆ ಇಳಿಸಿ ಕೈಬಿಟ್ಟರು.

ಮೂತಿ ಮೆಲ್ಲಗೆ ಎದ್ದಿತು. ಬಾಲ ಗಾಜಿಗೆ ತಾಗಿ ಟಕ್ಕೆಂದಿತು.

ಮಾವ ಮೂತಿಯನ್ನು ಬೆರಳಿನಿಂದ ಒತ್ತಿ ಇಳಿಸಿದರು. ಬೆರಳು ತೆಗೆದ ಕೂಡಲೇ ಮತ್ತೆ ಎದ್ದಿತು.

"ಹಾಳೇಲಿ ಎಂಟು ಗ್ರಾಂ ಅಂತ ಬರೆದಿದ್ರು. ಸಾಲದು ಅಂತ ಕಾಣುತ್ತೆ. ತಪ್ಪು ಛಾಪಿಸಿದ್ದಾರೆ," ಎಂದರು. "ನಾನು ಇಟ್ಟಿದೀನಿ. ನೋಡು, ನಾಲ್ಕನೇ ಹಂತ. ಟಿಕ್ ಹಾಕಿದೀನಿ."

ಉದ್ದ ಬಾಲದ ಟಿಕ್ ಅಲ್ಲಿತ್ತು. ನಾನು ಏನಾದರೂ ಮಾಡಬೇಕಲ್ಲ ಎಂದು ಬಣ್ಣದ ಬಾಟಲಿಗಳನ್ನು ಸರಿಸತೊಡಗಿದೆ. ಬಿಳಿ ಬಾಟಲಿಯ ಹಿಂದೆ, ಮಗುಚಿಟ್ಟ ಒಂದು ಮುಚ್ಚಳದಲ್ಲಿ, ಮೂತಿಯ ಆಕಾರಕ್ಕೆ ಚೂಪಾಗಿ ಬಡಿದ ಸೀಸದ ತುಂಡು ಕೂತಿತ್ತು. ಯೋಚಿಸುವ ಮೊದಲೇ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

"ಕೈಯಲ್ಲಿ ಏನು ಪುಟ್ಟಿ?"

"ಏನಿಲ್ಲ ಮಾವ."

"ಕೊಡು ಇಲ್ಲಿ."

ಕೊಟ್ಟೆ. ಅವರು ಅಂಗೈಯಲ್ಲಿ ಒಮ್ಮೆ ತೂಗಿ ನೋಡಿದರು. "ಎಂಟು ಗ್ರಾಂ," ಎಂದರು. ಆಮೇಲೆ ಗೋಡೆಯ ಹಾಳೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಏನೋ ಹುಡುಕುತ್ತಿರುವ ಕಳೆ ಇತ್ತು. ಇಟ್ಟ ನೆನಪು ಅವರಿಗೆ ಸಿಗುತ್ತಿತ್ತು, ಇಡದ ನೆನಪು ಸಿಗುತ್ತಿರಲಿಲ್ಲ.

"ಅಂಗಡೀಲೂ ನಾನು ಹೀಗೇ ಟಿಕ್ ಹಾಕೋದಲ್ವಾ?" ಎಂದರು.

ಒಂದು ಸಲ ಯಾರಾದರೂ ಮರೆಯಬಹುದು, ನಾನೂ ಪರೀಕ್ಷೆಯಲ್ಲಿ ಪ್ರಶ್ನೆ ಬಿಟ್ಟು ಬಂದಿಲ್ಲವೇ ಎಂದೆಲ್ಲ ಹೇಳಿದೆ. ಮಾವ ಕೇಳಿಸಿಕೊಳ್ಳುತ್ತಿದ್ದರು, ದೊಡ್ಡವರು ಮಕ್ಕಳ ಮಾತು ಕೇಳುವಂತೆ.

ಮರುದಿನ ಬೆಳಿಗ್ಗೆ ಅವರು ನನ್ನನ್ನೂ ಅಂಗಡಿಗೆ ಕರೆದುಕೊಂಡು ಹೋದರು. ಹೇಳಬೇಕಾದ್ದನ್ನು ದಾರಿಯಲ್ಲಿ ಮರೆತರೆ ನಾನು ಹೇಳಬೇಕಿತ್ತು. ಮರೆಯಲಿಲ್ಲ. ಯಜಮಾನರ ಮೇಜಿನ ಮುಂದೆ ನಿಂತು ಎಲ್ಲ ಹೇಳಿ, ಇನ್ನು ಈ ಕೆಲಸ ಬಿಡುತ್ತೇನೆ ಎಂದರು. ಯಜಮಾನರು ಹೊಟ್ಟೆ ಕುಣಿಸಿ ನಕ್ಕರು.

"ಅಲ್ಲ ಸೀಸಣ್ಣ, ಆಟದ ವಿಮಾನ ಅಂಡೂರಿ ಕೂತ್ಕೊಳ್ತು ಅಂತ ಯಾರಾದ್ರೂ ಕೆಲಸ ಬಿಡ್ತಾರಾ? ನಾಳೆ ನನ್ನ ಮೊಮ್ಮಗಳ ಗೊಂಬೆ ಕಣ್ಣು ಬಿಡಲಿಲ್ಲ ಅಂತ ನಾನು ಅಂಗಡಿ ಮುಚ್ಚಲಾ?"

ಗಾಳಿ ತುಂಬುವವನು ಹೊರಗಿನಿಂದಲೇ, "ರಜಾ ಬೇಕಿದ್ರೆ ನೇರ ಕೇಳು ಮಾರಾಯಾ," ಎಂದ.

ನನಗೂ ನಗು ಬಂತು. ಇವರ ನಗುವೇ ನಿಜವಾಗಲಿ ಎಂದು ಆಸೆಯಾಯಿತು. ಮಾವ ನಗಲಿಲ್ಲ. "ಶುಕ್ರವಾರದ ಕಾರ್ಡುಗಳನ್ನ ತೆಗೀರಿ. ಶಾಲೆ ವ್ಯಾನು ಇತ್ತು. ಅದನ್ನ ಕರೆಸಿ ಒಂದ್ಸಲ ನೋಡಿಬಿಡಿ," ಎಂದರು. "ನನ್ನ ಕೈಲಿ ಬೇಡ. ಬೇರೆಯವರು ನೋಡ್ಲಿ."

ಸೀಸಣ್ಣನ ಮನಸ್ಸಿನ ಸಮಾಧಾನಕ್ಕೆಂದು ಯಜಮಾನರು ಫೋನ್ ಮಾಡಿದರು. ಮಕ್ಕಳನ್ನು ಇಳಿಸಿ ವ್ಯಾನು ಹತ್ತು ಗಂಟೆಗೆ ಬಂತು. ಗಾಳಿ ತುಂಬುವವನೇ ಸ್ಪ್ಯಾನರ್ ಹಿಡಿದು ಕೂತ. ಮುಂದಿನ ಎರಡು ಚಕ್ರ ಸರಿ ಇದ್ದವು. ಹಿಂದಿನ ಬಲಗಡೆಯದೂ ಸರಿ. ಅವನು ಪ್ರತಿ ಸಲವೂ ತಲೆಯೆತ್ತಿ ಮಾವನನ್ನು ನೋಡಿ ಹುಬ್ಬು ಕುಣಿಸಿದ. ಹಿಂದಿನ ಎಡಗಡೆ ಮೊದಲ ನಟ್ಟಿಗೆ ಸ್ಪ್ಯಾನರ್ ಇಟ್ಟವನು ಅದನ್ನು ತೆಗೆದು ಕೆಳಗಿಟ್ಟ. ಬೆರಳಿನಿಂದಲೇ ತಿರುಗಿಸಿದ. ತಿರುಗಿತು. ಎರಡನೆಯದೂ ತಿರುಗಿತು.

ಯಜಮಾನರು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ನಾಲ್ಕು ಚಕ್ರಕ್ಕೂ ಉದ್ದ ಬಾಲದ ಟಿಕ್ ಇತ್ತು.

"ಕೌಂಟರ್ ಹತ್ರ ಕೂತ್ಕೋ ಸೀಸಣ್ಣ," ಎಂದರು ಕೊನೆಗೆ. ದನಿ ತೀರ ಮೆತ್ತಗಾಗಿತ್ತು. "ಬಂದೋರನ್ನ ಮಾತಾಡಿಸ್ತಾ ಇರು. ನಿನ್ನನ್ನ ಯಾರೂ ಹೋಗು ಅಂದಿಲ್ಲ."

ಮಾವ ತಮ್ಮ ಮೂಲೆಗೆ ಹೋಗಿ, ಯಂತ್ರದ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಮಡಿಸಿಟ್ಟು ಬಂದರು. ದಾರಿಯುದ್ದಕ್ಕೂ ನಾನು ಅವರ ಪಕ್ಕ ನಡೆದೆ. ಕೈ ಹಿಡಿಯಲೋ ಬೇಡವೋ ಎಂದು ಗೊತ್ತಾಗಲಿಲ್ಲ. ಅವರು ಎಡವಿರಲಿಲ್ಲ, ದಾರಿ ತಪ್ಪಿರಲಿಲ್ಲ. ಮೂಲೆ ಅಂಗಡಿ ಬಂದಾಗ, "ನಿಮ್ಮತ್ತೆ ಸೋಪು ಹೇಳಿದ್ಲು," ಎಂದು ನಿಂತರು. ಒಂದು ಸೋಪು ಕೊಂಡು ನನ್ನ ಕೈಗಿತ್ತರು.

ಮನೆಯಲ್ಲಿ ನಾನು ಅಡುಗೆಮನೆಗೆ ಹೋಗಿ ಪಿಸುಮಾತಿನಲ್ಲಿ ನಡೆದದ್ದನ್ನು ಹೇಳಿದೆ. ಅತ್ತೆ ಬೆಚ್ಚಿ ಬೀಳಲಿಲ್ಲ. ನನ್ನ ಕೈಯ ಸೋಪನ್ನು ತೆಗೆದುಕೊಂಡು ಬಚ್ಚಲಿಗೆ ಹೋದರು. ನಾನೂ ಹೋದೆ. ದೊಡ್ಡ ಬಕೆಟ್ಟನ್ನು ಪಕ್ಕಕ್ಕೆ ಸರಿಸಿದರು. ಗೋಡೆಗೆ ಒತ್ತಿ, ಕಾಗದ ಬಿಚ್ಚದ ಹದಿನಾಲ್ಕು ಸೋಪುಗಳನ್ನು ಜೋಡಿಸಿಟ್ಟಿದ್ದರು. ಇದನ್ನೂ ಆ ಸಾಲಿಗೆ ಸೇರಿಸಿ ಬಕೆಟ್ಟನ್ನು ಮೊದಲಿನಂತೆಯೇ ಇಟ್ಟರು.

"ಅವರಿಗೆ ನಾನು ಹೇಳಿಲ್ಲ. ನೀನೂ ಹೇಳ್ಬೇಡ," ಎಂದರು.

ಬಾಲದ ಮೇಲೆ ಕೂತ ವಿಮಾನಕ್ಕೆ ಒಂದು ಪಾರದರ್ಶಕ ಕಡ್ಡಿಯ ಆಸರೆ ಕೊಡಬಹುದು. ಹಾಗೆ ಮಾಡುವವರೂ ಇದ್ದಾರಂತೆ. ಮಾವ ಒಪ್ಪಲಿಲ್ಲ. ನಲವತ್ತೆರಡನೆಯದು ಸಾಲಿನ ಕೊನೆಯಲ್ಲಿ ಛಾವಣಿಗೆ ಮೂತಿ ಎತ್ತಿಕೊಂಡೇ ಕೂತಿದೆ. ವೈದ್ಯರು ಕಾಯಿಲೆಯ ಹೆಸರು ಹೇಳಿ ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಏನಾಗುತ್ತದೆ ಎಂದು ಅತ್ತೆ ಕೇಳಿದಾಗ, ಮರೆವು ನಿಧಾನವಾಗುತ್ತದೆ ಎಂದರು. ಶಬ್ದಕ್ಕಿಂತ ಐದು ಪಟ್ಟು ವೇಗದ ಮಾತು ಅತ್ತೆ ಆಮೇಲೆ ಯಾವತ್ತೂ ಆಡಿಲ್ಲ.

ಈಗ ನಲವತ್ತಮೂರನೆಯದು ಮೇಜಿನ ಮೇಲಿದೆ. ಪೆನ್ಸಿಲ್ ನನ್ನ ಕಿವಿಯ ಹಿಂದಿದೆ. ಮಾವನ ಕೈಗಳು ಏನನ್ನೂ ಮರೆತಿಲ್ಲ. ಅರ ಹಿಡಿದರೆ ಕೂದಲೆಳೆಯಷ್ಟೂ ಆಚೀಚೆಯಾಗುವುದಿಲ್ಲ. ಈ ಭಾನುವಾರ ನನ್ನ ಕಣ್ಣೆದುರೇ ಮೂತಿಯೊಳಗೆ ಸೀಸ ಇಟ್ಟು, ಅಂಟು ಸುರಿದು, ಎರಡು ಹೋಳನ್ನೂ ಸೇರಿಸಿದರು. ನಾನು ನಾಲ್ಕನೇ ಹಂತಕ್ಕೆ ಟಿಕ್ ಹಾಕಿದೆ. ಅವರು ಚಹಾ ಕುಡಿದು ಬಂದು ಕೂತರು.

"ತೂಕ ಇಟ್ವಾ ಪುಟ್ಟಿ?"

"ಇಟ್ವಿ ಮಾವ."

ಒಡಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಚೆನ್ನಾಗಿ ಅಂಟಿದ ಸೀಸ ಸದ್ದು ಮಾಡುವುದಿಲ್ಲ. ಮತ್ತೊಮ್ಮೆ ಅಲ್ಲಾಡಿಸಿ, ಗೋಡೆಯ ಮೇಲಿನ ನನ್ನ ಟಿಕ್ಕನ್ನು ನೋಡಿ, ನನ್ನ ಮುಖ ನೋಡಿದರು.

"ನೀನು ನೋಡಿದ್ಯಲ್ವಾ? ನಿಜವಾಗ್ಲೂ ನೋಡಿದ್ಯಾ?"