ಕಿಟಕಿಗೆ ಕಟ್ಟಿದ್ದ ಧಾರೆ ಸೀರೆ

"ಇದು ನನ್ನ ಧಾರೆ ಸೀರೆ" ಅಂದಳು ಅಮ್ಮ, ಪರರ ಮನೆಯ ಕಿಟಕಿ ಪರದೆಯ ಅಂಚು ಹಿಡಿದುಕೊಂಡು.

ಅರವತ್ತರ ದಶಕದ ಜಯನಗರ. ನಾಟಕ, ಸಿನಿಮಾದವರಿಗೆ ವೇಷಭೂಷಣ ಮಾಡಿಕೊಡುವ, ದೊಡ್ಡವರ ಮನೆಗಳನ್ನು ಸಿಂಗರಿಸುವ ಒಬ್ಬರು ನಮ್ಮ ಹಿಂದಿನ ರಸ್ತೆಗೆ ಬಂದಿದ್ದರು. ಒಂಟಿ ಗಂಡಸು ದಸರಾ ಬೊಂಬೆ ಕೂರಿಸಿದ್ದಾರೆಂದು ಬೀದಿಯವರೆಲ್ಲ ನೋಡಲು ಹೋಗುತ್ತಿದ್ದರು. ನಾವೂ ಹೋಗಿದ್ದೆವು. ನೇರಳೆ ರೇಷ್ಮೆ ಜುಬ್ಬ, ಬೆರಳಿಗೊಂದು ಉಂಗುರ ತೊಟ್ಟು ಅವರೇ ಬಾಗಿಲಲ್ಲಿ ನಿಂತಿದ್ದರು. ಮನೆ ತುಂಬ ಹಳೇ ಕಿರೀಟ, ಕನ್ನಡಿ, ಗೋಡೆಗೆಲ್ಲ ಜರಿ ಸೀರೆ.

ಆ ಸೀರೆಯನ್ನು ಅಮ್ಮ ಹಿಂದೊಮ್ಮೆ ಹಳೇ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಕೊಟ್ಟು ಸ್ಟೀಲ್ ಕೊಳಗ ತಗೊಂಡಿದ್ದಳು. ಹೋಮದ ಕಿಡಿ ಬಿದ್ದು ತೂತಾದ ಕಡೆ ಅಜ್ಜಿ ಹಾಕಿದ್ದ ಹೊಲಿಗೆ ನೋಡಿ ಗುರುತು ಹಿಡಿದಿದ್ದಳು.

ಜುಬ್ಬದವರ ಮುಖ ಸಣ್ಣದಾಯಿತು. "ಹಳೇ ಸೀರೆ ಅಂಗಡೀಲಿ ಜರಿ ಕರಗಿಸೋಕೆ ಇಟ್ಟಿದ್ರು ತಾಯಿ, ಮನಸ್ಸು ತಡೀಲಿಲ್ಲ, ತಂದ್‌ಬಿಟ್ಟೆ. ಈಗಲೇ ಬಿಚ್ಚಿ ಕೊಡ್ತೀನಿ" ಎಂದು ಸ್ಟೂಲ್ ಎಳೆದರು.

ಅಮ್ಮ ಹಿಡಿದಿದ್ದ ಅಂಚು ಬಿಟ್ಟಳು. "ಬಿಚ್ಬೇಡಿ. ನನ್ನ ಹತ್ರ ಇದ್ದಾಗ ಬರೀ ಟ್ರಂಕಲ್ಲೇ ಇತ್ತು. ಆದ್ರೆ ತಿರುಗಿಸಿ ಕಟ್ಟಿ. ಚೆನ್ನಾಗಿರೋ ಮೈ ಬೀದಿ ಕಡೆ ಇರ್ಲಿ."

ಆಮೇಲೆ ಅಮ್ಮ ಸಂಜೆ ಸೊಪ್ಪು ತರಲು ಹೊರಟರೆ ಆ ರಸ್ತೆ ಸುತ್ತಿಕೊಂಡೇ ಬರುತ್ತಿದ್ದಳು. ಯಾಕಿಷ್ಟು ತಡ ಎಂದು ಅಪ್ಪ ಕೇಳಿದರೆ, ಆ ಕಡೆ ಸೊಪ್ಪು ಎಳೇದಾಗಿರುತ್ತೆ ಅನ್ನುತ್ತಿದ್ದಳು. ಆ ರಸ್ತೆಯಲ್ಲಿ ಸೊಪ್ಪು ಮಾರುವವರೇ ಇರಲಿಲ್ಲ.